ಒಡಲಿಲ್ಲದ ಮದ್ದಳೆ: ರಾಕ್ ಸಂಗೀತದಲ್ಲಿ ರೋಟೊಟಾಮ್

ಚರ್ಮವಾದ್ಯವೆಂಬುದು ಎರಡು ಅಂಗಗಳ ಕೂಟವೆಂದು ಸಾಮಾನ್ಯ ತಿಳಿವಳಿಕೆ. ಮೇಲೆ ಬಿಗಿದ ಮುಚ್ಚಿಗೆ. ಕೆಳಗೆ ಅದನ್ನು ಹೊತ್ತ ಒಡಲು. ಪೆಟ್ಟನ್ನು ತಿನ್ನುವುದು ಮುಚ್ಚಿಗೆ, ನಾದವನ್ನು ತುಂಬಿಕೊಡುವುದು ಒಡಲು. ಹಲಸಿನ ಮರವಿಲ್ಲದೆ ಮೃದಂಗವಿಲ್ಲ. ತಾಮ್ರದ ಕೊಪ್ಪರಿಗೆಯಿಲ್ಲದೆ ಪಾಶ್ಚಾತ್ಯ ವಾದ್ಯವೃಂದದ ಟಿಂಪನಿಯಿಲ್ಲ. ಮೇಪಲ್ ಅಥವಾ ಬರ್ಚ್ ಮರದ ತೆಳುಪದರಗಳನ್ನು ಅಂಟಿಸಿ ಬಾಗಿಸಿದ ಕೊಳವೆಯಿಲ್ಲದೆ ರಾಕ್ ವಾದಕನ ಡ್ರಮ್ ಇಲ್ಲ. ಹೀಗಿರುವಲ್ಲಿ, 1968ರಲ್ಲಿ ಅಮೆರಿಕದ ರೆಮೊ ಸಂಸ್ಥೆ ಮಾರುಕಟ್ಟೆಗೆ ತಂದ ರೋಟೊಟಾಮ್ ಎಂಬ ವಾದ್ಯವು ಈ ಕೂಟದಿಂದ ಒಡಲನ್ನೇ ಕಿತ್ತುಹಾಕಿತು. ಉಳಿದದ್ದು ಒಂದು ಲೋಹದ ಚೌಕಟ್ಟು, ಅದರ ಮೇಲೆ ಒಂದೇ ಒಂದು ಮುಚ್ಚಿಗೆ, ನಡುವೆ ಆಧಾರವಾಗಿ ತಿರುಪು ಕೊರೆದ ಒಂದು ಕಂಬಿ. ಚೌಕಟ್ಟನ್ನೇ ಹಿಡಿದು ಬಲಕ್ಕೆ ತಿರುಗಿಸಿದರೆ ಬಿಗಿತ ಹೆಚ್ಚಿ ಶ್ರುತಿ ಏರುತ್ತದೆ. ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ತಿರುಗುವ ಟಾಮ್ ಡ್ರಮ್ ಆದುದರಿಂದಲೇ ಅದಕ್ಕೆ ಆ ಹೆಸರು.

ಈ ವಾದ್ಯದ ಬಗ್ಗೆ ರಾಕ್ ರಸಿಕರಲ್ಲಿ ಎರಡು ಮತಗಳುಂಟು. ಅದರ ನಾದದಲ್ಲಿ ಬೇರೆಲ್ಲಿಯೂ ಸಿಗದ ಒಂದು ತಿಳಿತನವಿದೆ, ಹಾಡುವ ಗುಣವಿದೆ ಎಂಬುದು ಒಂದು. ಅದು ತಗಡಿನ ಡಬ್ಬಿಯ ಸದ್ದು, ಗಾತ್ರವಿಲ್ಲದ ಟೊಳ್ಳುದನಿ, ಒಂದು ಕಾಲದ ಷೋಕಿಯೇ ಹೊರತು ವಾದ್ಯವಲ್ಲ ಎಂಬುದು ಇನ್ನೊಂದು. ಎರಡನೆಯ ಮತದವರು ಕೇಳುವ ಪ್ರಶ್ನೆ ತಳ್ಳಿಹಾಕುವಂಥದಲ್ಲ: ಒಡಲನ್ನು ಕಳೆದುಕೊಂಡ ಮೇಲೆ ಡ್ರಮ್ಮಿನಲ್ಲಿ ಉಳಿಯುವುದೇನು? ಆದರೆ ಈ ಪ್ರಶ್ನೆಯ ಒಳಗೇ ಒಂದು ನಂಬಿಕೆ ಅಡಗಿದೆ. ಒಡಲು ಎಂದರೆ ಮರವೇ, ಅದು ಮುಚ್ಚಿಗೆಯ ಕೆಳಗೇ ಇರಬೇಕು ಎಂಬುದು. ಆ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ನೋಡದೆ ರೋಟೊಟಾಮಿನ ಬೆಲೆ ಕಟ್ಟಲಾಗದು. 1970ರ ದಶಕದಲ್ಲಿ ಈ ವಾದ್ಯ ರಾಕ್ ಸಂಗೀತಕ್ಕೆ ಬಂದಾಗ ಡ್ರಮ್ಮಿನ ಒಡಲು ಆಗಲೇ ಬೇರೊಂದು ಕಡೆಗೆ ವಲಸೆ ಹೊರಟಿತ್ತು. ಮರದ ಕೊಳವೆಯಿಂದ ಧ್ವನಿಮುದ್ರಣದ ಕೊಠಡಿಗೆ. ರೋಟೊಟಾಮ್ ಆ ವಲಸೆಯ ಫಲ.

ಮೊದಲಿಗೆ ಅದರ ಹುಟ್ಟನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಅದು ರಾಕ್ ಸಂಗೀತಕ್ಕಾಗಿ ಹುಟ್ಟಿದ್ದೇ ಅಲ್ಲ. ಅದನ್ನು ರೂಪಿಸಿದವರಲ್ಲಿ ಷಿಕಾಗೊ ಸಿಂಫನಿ ವಾದ್ಯವೃಂದದ ತಾಳವಾದ್ಯಗಾರ ಆಲ್ ಪೇಸನ್ ಒಬ್ಬರು, ಸಂಗೀತ ರಚನಕಾರ ಮೈಕೆಲ್ ಕಾಲ್‌ಗ್ರಾಸ್ ಇನ್ನೊಬ್ಬರು. ಕಾಲ್‌ಗ್ರಾಸ್ ಸ್ವತಃ ತಾಳವಾದ್ಯ ನುಡಿಸುತ್ತಿದ್ದವರು. 1957ರಷ್ಟು ಹಿಂದೆಯೇ ನಾಲ್ಕು ಡ್ರಮ್ಮುಗಳೂ ಒಂದು ವಿಯೋಲಾ ವಾದ್ಯವೂ ಸಮಸಮವಾಗಿ ಸಂವಾದಿಸುವ ಕೃತಿಯೊಂದನ್ನು ರಚಿಸಿದವರು. ತಂತಿವಾದ್ಯದೊಡನೆ ಮಾತಿಗೆ ಕೂತ ಡ್ರಮ್ಮಿಗೆ ಖಚಿತವಾದ ಸ್ವರ ಬೇಕು. ಮಾಮೂಲಿನ ಡ್ರಮ್ಮು ಅದನ್ನು ಕೊಡದು. ಹತ್ತಾರು ತಿರುಪುಗಳನ್ನು ಒಂದೊಂದಾಗಿ ಬಿಗಿಸುತ್ತ, ಸುತ್ತಲೂ ಸಮನಾದ ಬಿಗಿತ ತರುವಷ್ಟರಲ್ಲಿ ವಾದಕನ ತಾಳ್ಮೆಯೂ ಸಭಿಕರ ತಾಳ್ಮೆಯೂ ಮುಗಿದಿರುತ್ತವೆ. ಒಂದೇ ತಿರುವಿನಿಂದ ಇಡೀ ಮುಚ್ಚಿಗೆ ಸಮನಾಗಿ ಬಿಗಿಯುವ ಯಂತ್ರದ ಬಯಕೆ ಹುಟ್ಟಿದ್ದು ಇಂಥ ಅವಶ್ಯಕತೆಯಿಂದ. ಅದನ್ನು ನೆರವೇರಿಸಿದ್ದು, ಸ್ವತಃ ಡ್ರಮ್ ವಾದಕರಾಗಿದ್ದ ರೆಮೊ ಬೆಲ್ಲಿಯವರು 1957ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಸಂಸ್ಥೆ. ಕರುವಿನ ತೊಗಲಿನ ಬದಲು ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆಯನ್ನು ಬಳಕೆಗೆ ತಂದವರಲ್ಲಿ ಅವರು ಪ್ರಮುಖರು. ಮಳೆಗೆ ಸಡಿಲಾಗದ, ಬಿಸಿಲಿಗೆ ಸೆಟೆಯದ, ಎಲ್ಲೆಡೆಯೂ ಒಂದೇ ದಪ್ಪದ ಈ ಹಾಳೆ ಬಾರದಿದ್ದರೆ ರೋಟೊಟಾಮ್ ಬರೆಹದ ಹಾಳೆಯ ಮೇಲೇ ಉಳಿಯುತ್ತಿತ್ತೆಂದು ಊಹಿಸಬಹುದು.

ಒಡಲಿಲ್ಲದ ಚರ್ಮವಾದ್ಯವೆಂಬ ಕಲ್ಪನೆ ಭಾರತೀಯರಿಗೆ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರವು ಅವನದ್ಧ ವಾದ್ಯಗಳ ಹುಟ್ಟನ್ನು ಹೇಳುವಾಗ ಸ್ವಾತಿಯೆಂಬ ಮುನಿಯ ಕಥೆಯನ್ನು ತರುತ್ತದೆ. ನೀರಿಗಾಗಿ ಕೊಳಕ್ಕೆ ಹೋದ ಮುನಿ, ಮಳೆಯ ಹನಿಗಳು ತಾವರೆಯ ಎಲೆಗಳ ಮೇಲೆ ಬಿದ್ದು ಹೊಮ್ಮಿಸಿದ ಸದ್ದನ್ನು ಕೇಳಿದ; ದೊಡ್ಡ ಎಲೆಗೆ ಒಂದು ನಾದ, ನಡುವಣ ಎಲೆಗೆ ಒಂದು, ಚಿಕ್ಕ ಎಲೆಗೆ ಇನ್ನೊಂದು. ಆಶ್ರಮಕ್ಕೆ ಮರಳಿ ಆ ನಾದಭೇದಗಳನ್ನು ಮನಸ್ಸಿನಲ್ಲಿಟ್ಟು ಪುಷ್ಕರ ವಾದ್ಯಗಳನ್ನು ನಿರ್ಮಿಸಿದ. ಎಲೆಗೆ ಒಡಲೆಲ್ಲಿ? ಗಾತ್ರಭೇದದಿಂದ ಶ್ರುತಿಭೇದ ಪಡೆಯುವ ಬರಿಯ ಹಾಳೆ ಅದು. 6, 8, 10 ಅಂಗುಲ ವ್ಯಾಸದ ಮೂರು ರೋಟೊಟಾಮ್‌ಗಳನ್ನು ಒಂದೇ ಕಂಬಿಗೆ ಸಾಲಾಗಿ ಸಿಕ್ಕಿಸಿ ಮಾರುವ ಪದ್ಧತಿಯನ್ನು ಕಂಡವರಿಗೆ ಆ ಮೂರು ಎಲೆಗಳು ನೆನಪಾದರೆ ಆಶ್ಚರ್ಯವಿಲ್ಲ. ಅದೇ ಶಾಸ್ತ್ರವು ಪುಷ್ಕರಗಳ ಮುಖಗಳನ್ನು ಬೇರೆ ಬೇರೆ ಸ್ವರಗಳಿಗೆ ಸೇರಿಸುವ ಮೂರು ಮಾರ್ಜನೆಗಳನ್ನೂ, ಅದಕ್ಕಾಗಿ ಮುಖಕ್ಕೆ ಬಳಿಯಬೇಕಾದ ಮಣ್ಣಿನ ಲಕ್ಷಣವನ್ನೂ ಹೇಳುತ್ತದೆ. ಚರ್ಮವಾದ್ಯಕ್ಕೆ ಸ್ವರವಿರಬೇಕೆಂಬ ಹಟ ಇಲ್ಲಿ ಅಷ್ಟು ಹಳೆಯದು. ಕನ್ನಡ ನಾಡಿನ ತಮಟೆಯಾಗಲಿ ಕರ್ನಾಟಕ ಸಂಗೀತದ ಖಂಜಿರವಾಗಲಿ ಒಡಲನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಬಳೆಯಷ್ಟನ್ನೇ ಉಳಿಸಿಕೊಂಡ ವಾದ್ಯಗಳು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಖಂಜಿರಕ್ಕೆ ನೀರು ಸವರಿ ಶ್ರುತಿ ಇಳಿಸುತ್ತಾರೆ. ರೋಟೊಟಾಮಿನಲ್ಲಿ ಬೆಂಕಿಯೂ ನೀರೂ ಮಾಡುವ ಕೆಲಸವನ್ನು ತಿರುಪು ಮಾಡುತ್ತದೆ, ಅಷ್ಟೆ.

ಇನ್ನು ಅದರ ನಾದದ ವಿಚಾರ. ವೃತ್ತಾಕಾರದ ಹಾಳೆಯೊಂದು ಕಂಪಿಸುವಾಗ ಮೂಲಸ್ವರದ ಜೊತೆಗೆ ಏಳುವ ಉಪಸ್ವರಗಳು ತಂತಿಯಲ್ಲಿರುವಂತೆ ಎರಡು, ಮೂರು, ನಾಲ್ಕರ ಸರಳ ಗುಣಕಗಳಲ್ಲ. ಗಣಿತದ ಲೆಕ್ಕದಲ್ಲಿ ಅವು 1.59, 2.14, 2.30 ಎಂಬಂಥ ಒಡಕು ಪ್ರಮಾಣಗಳು. ಇವು ಒಂದರೊಡನೊಂದು ಬೆರೆಯದೆ ಜಗಳವಾಡುತ್ತವೆ. ಆದುದರಿಂದಲೇ ಸಾಧಾರಣ ಡ್ರಮ್ಮಿನಿಂದ ಸದ್ದು ಬರುತ್ತದೆಯೇ ಹೊರತು ಸ್ಪಷ್ಟವಾದ ಸ್ವರ ಬರುವುದಿಲ್ಲ. ಮೃದಂಗ, ತಬಲಗಳು ಈ ಜಗಳವನ್ನು ಬಗೆಹರಿಸಿದ್ದು ಮುಚ್ಚಿಗೆಯ ನಡುವೆ ಹಾಕುವ ಕರಣೆಯಿಂದ. ಸಿ. ವಿ. ರಾಮನ್ನರು 1920ರಲ್ಲಿ ಶಿವಕಾಳಿ ಕುಮಾರರೊಡನೆ ಪ್ರಕಟಿಸಿದ ಟಿಪ್ಪಣಿಯಲ್ಲಿಯೂ, 1934ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿಯೂ ತೋರಿಸಿದ್ದು ಇದನ್ನೇ: ಕರಣೆಯ ಭಾರದಿಂದ ಹಾಳೆಯ ಹಲವು ಕಂಪನರೀತಿಗಳು ಒಟ್ಟುಗೂಡಿ, ತಂತಿಯಲ್ಲಿರುವಂಥ ಐದು ಸ್ವರಗಳ ಸಾಲಿಗೆ ಬರುತ್ತವೆ. ಟಿಂಪನಿಯಲ್ಲಿ ಈ ಕೆಲಸವನ್ನು ಬಹುಪಾಲು ಗಾಳಿ ಮಾಡುತ್ತದೆ. ಅಗಲವಾದ ಹಾಳೆ ತನ್ನೊಡನೆ ಗಾಳಿಯ ಭಾರವನ್ನೂ ಎಳೆದಾಡಬೇಕಾಗಿ ಬರುವುದರಿಂದ ಕೆಳಗಿನ ಕಂಪನಗಳು ಇನ್ನಷ್ಟು ಕೆಳಗಿಳಿದು, ಅವುಗಳಲ್ಲಿ ಮುಖ್ಯವಾದವು 2, 3, 4ರ ಪ್ರಮಾಣಕ್ಕೆ ಹತ್ತಿರವಾಗುತ್ತವೆ.

ರೋಟೊಟಾಮಿಗೆ ಕರಣೆಯಿಲ್ಲ, ಕೊಪ್ಪರಿಗೆಯಿಲ್ಲ. ಆದರೂ ಅದರ ಶ್ರುತಿ ಸಾಧಾರಣ ಟಾಮ್ ಡ್ರಮ್ಮಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೊದಲನೆಯದು ಬಿಗಿತದ ಸಮತೆ. ಸುತ್ತಲೂ ಒಂದೇ ಸಮನಾಗಿ ಎಳೆದ ಹಾಳೆಯಲ್ಲಿ ಅಕ್ಕಪಕ್ಕದ ಎರಡು ಶ್ರುತಿಗಳು ತಿಕ್ಕಾಡುವ ಕಲಬೆರಕೆ ಕಡಮೆ. ಎರಡನೆಯದು ಒಂಟಿತನ; ಮಾಮೂಲು ಟಾಮ್‌ನಲ್ಲಿ ಮೇಲೊಂದು ಕೆಳಗೊಂದು ಮುಚ್ಚಿಗೆಯಿದ್ದು, ಒಳಗಿನ ಗಾಳಿಯ ಮೂಲಕ ಒಂದರ ನಡುಕ ಇನ್ನೊಂದಕ್ಕೆ ದಾಟಿ ಮರಳಿ ಬರುತ್ತಿರುತ್ತದೆ. ಆ ದಾಟಾಟದಿಂದ ನಾದಕ್ಕೆ ತೂಕ ಬರುತ್ತದೆ, ಅದೇ ಕಾರಣದಿಂದ ಶ್ರುತಿ ಮಸುಕಾಗುತ್ತದೆ. ರೋಟೊಟಾಮಿನಲ್ಲಿ ಮರುಮಾತಾಡುವ ಎರಡನೆಯ ಮುಚ್ಚಿಗೆಯೇ ಇಲ್ಲ.

ತೂಕ ಏಕಿಲ್ಲ ಎಂಬ ಪ್ರಶ್ನೆಗೂ ಉತ್ತರವಿದೆ, ಮತ್ತು ಈ ವಾದ್ಯದ ರಹಸ್ಯವೆಲ್ಲ ಆ ಉತ್ತರದಲ್ಲಿದೆ. ಹಾಳೆ ಕೆಳಗೆ ಬಾಗಿದಾಗ ಕೆಳಗಿನ ಗಾಳಿ ಒತ್ತಿಕೊಳ್ಳುತ್ತದೆ, ಮೇಲಿನ ಗಾಳಿ ಸಡಿಲುತ್ತದೆ. ನಡುವೆ ಒಡಲಿನ ಗೋಡೆಯಿದ್ದರೆ ಇವೆರಡೂ ಬೇರೆಯಾಗಿ ಉಳಿಯುತ್ತವೆ. ಗೋಡೆಯಿಲ್ಲದಿದ್ದರೆ ಅಂಚನ್ನು ಬಳಸಿ ಒಂದನ್ನೊಂದು ಕೂಡಿ ಅಳಿಸಿಹೋಗುತ್ತವೆ. ಜಮೆಯೂ ಖರ್ಚೂ ಸಮವಾಗಿ ಬಾಕಿ ಸೊನ್ನೆಗೆ ಬಂದಂತೆ. ಸೆಕೆಂಡಿಗೆ 200 ಕಂಪನದ ಸ್ವರದ ಅಲೆ ಗಾಳಿಯಲ್ಲಿ ಸುಮಾರು 1.7 ಮೀಟರ್ ಉದ್ದ. 10 ಅಂಗುಲದ ಹಾಳೆ ಅದರ ಮುಂದೆ ಎಷ್ಟು ಚಿಕ್ಕದು! ಆದುದರಿಂದ ತಗ್ಗಿನ ನಾದವು ವಾದ್ಯದ ಸುತ್ತಲೇ ಸುಳಿದಾಡಿ ಸೋರಿಹೋಗುತ್ತದೆ, ದೂರಕ್ಕೆ ತಲುಪುವುದಿಲ್ಲ. ಹತ್ತು ಹೆಜ್ಜೆ ಆಚೆ ನಿಂತು ಕೇಳಿದವರಿಗೆ ರೋಟೊಟಾಮ್ ತೆಳುವಾಗಿ, ಒಣಗಿದಂತೆ ಕೇಳಿದರೆ ಅವರ ಕಿವಿಯ ದೋಷವೇನೂ ಅಲ್ಲ. ತಗಡಿನ ಡಬ್ಬಿಯೆಂಬ ನಿಂದೆಯ ಮೂಲ ಇದೇ. ಆದರೆ ಅಳಿಸಿಹೋಗುವ ಈ ನಾದ ಹಾಳೆಯ ಪಕ್ಕದಲ್ಲಿ, ಒಂದೆರಡು ಅಂಗುಲದ ದೂರದಲ್ಲಿ, ಪೂರ್ಣವಾಗಿಯೇ ಇದೆ. ಮನುಷ್ಯನ ಕಿವಿ ಅಲ್ಲಿಗೆ ಹೋಗಲಾರದು, ಮೈಕ್ರೊಫೋನು ಹೋಗಬಲ್ಲದು. ಅಲ್ಲದೆ, ಹೊರಗೆ ಹೆಚ್ಚು ಚೆಲ್ಲದ ಶಕ್ತಿ ಹಾಳೆಯಲ್ಲಿಯೇ ಉಳಿಯುವುದರಿಂದ ಮೂಲಸ್ವರ ಬೇಗ ಆರುವುದಿಲ್ಲ. ತೆಳುವಾಗಿದ್ದರೂ ಹಾಡುವ ಗುಣ ಬಂದದ್ದು ಹೀಗೆ.

ಈ ಅಂಶವನ್ನು ಹಿಡಿದು 1960ರ ದಶಕದ ಕೊನೆಯ ಸ್ಟುಡಿಯೊಗಳತ್ತ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಆ ವರ್ಷಗಳಲ್ಲಿ ತಮ್ಮ ಡ್ರಮ್ಮುಗಳ ಮೇಲೆ ಪಾತ್ರೆ ಒರೆಸುವ ಬಟ್ಟೆಗಳನ್ನು ಹೊದಿಸಿ ಧ್ವನಿಮುದ್ರಿಸುತ್ತಿದ್ದುದು ಪ್ರಸಿದ್ಧವಾಗಿದೆ. ಅನುರಣನವನ್ನು ಅಡಗಿಸಿ, ಪೆಟ್ಟಿನ ತಿರುಳನ್ನಷ್ಟೇ ಉಳಿಸಿಕೊಳ್ಳುವುದು ಇದರ ಉದ್ದೇಶ. 1970ರ ದಶಕಕ್ಕೆ ಬಂದಾಗ ಟಾಮ್‌ಗಳ ಕೆಳಮುಚ್ಚಿಗೆಯನ್ನು ತೆಗೆದುಹಾಕುವುದು, ಕೊಳವೆಯೊಳಗೇ ಮೈಕ್ರೊಫೋನು ತೂರಿಸುವುದು, ಒಳಗೆ ಬಟ್ಟೆ ತುಂಬುವುದು ರೂಢಿಯಾಯಿತು. ಕೆಳಮುಚ್ಚಿಗೆಯಿಲ್ಲದೆ ತಯಾರಾದ ಕಾನ್ಸರ್ಟ್ ಟಾಮ್‌ಗಳೂ ಧಾರಾಳವಾಗಿ ಬಳಕೆಗೆ ಬಂದವು. ಹದಿನಾರು ಹಾದಿಗಳ ಟೇಪು ಬಂದು ಪ್ರತಿಯೊಂದು ವಾದ್ಯಕ್ಕೂ ಪ್ರತ್ಯೇಕ ಹಾದಿ ಸಿಕ್ಕಮೇಲೆ, ಒಂದರ ಸದ್ದು ಇನ್ನೊಂದಕ್ಕೆ ಸೋರದಿರುವುದೇ ದೊಡ್ಡ ಗುಣವೆನಿಸಿತು. ಡ್ರಮ್ಮಿನ ಗಾತ್ರ, ಕೋಣೆಯ ಗಾತ್ರ, ಪ್ರತಿಧ್ವನಿಯ ಉದ್ದ, ಇವೆಲ್ಲವನ್ನೂ ಅನಂತರ ಮಿಶ್ರಣದ ಮೇಜಿನ ಮುಂದೆ ಕುಳಿತು ಸೇರಿಸಿದರಾಯಿತು. ಡ್ರಮ್ಮು ಒಡಲನ್ನು ಸ್ಟುಡಿಯೊದಿಂದ ಕಡ ತರಲು ಆರಂಭಿಸಿತು. ಕಡ ತಂದ ಒಡಲು ಸಾಕೆಂದಾದ ಮೇಲೆ ಸ್ವಂತ ಒಡಲಿನ ಭಾರವನ್ನು ಯಾರು ಹೊರುತ್ತಾರೆ? ರೋಟೊಟಾಮ್ ಈ ತರ್ಕದ ತುದಿ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆಯೊಂದಿದೆ. ಲೆಡ್ ಜೆಪ್ಪೆಲಿನ್ ತಂಡದ ನಾಲ್ಕನೆಯ ಧ್ವನಿಮುದ್ರಿಕೆ 1971ರ ನವೆಂಬರಿನಲ್ಲಿ ಹೊರಬಂದಿತು. ಅದರ ಕೊನೆಯ ಹಾಡಾದ ‘ವೆನ್ ದ ಲೆವಿ ಬ್ರೇಕ್ಸ್’ನಲ್ಲಿ ಜಾನ್ ಬಾನಮ್ ನುಡಿಸಿದ ಡ್ರಮ್ಮು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮಹಡಿಮೆಟ್ಟಿಲ ಬುಡದಲ್ಲಿತ್ತು. ಎರಡು ಮೈಕ್ರೊಫೋನುಗಳನ್ನು ಮೇಲ್ಮಹಡಿಯಿಂದ ಇಳಿಬಿಟ್ಟು ಆ ಸದ್ದನ್ನು ಹಿಡಿದವರು ಧ್ವನಿಮುದ್ರಕ ಆಂಡಿ ಜಾನ್ಸ್. ಎರಡೂ ಮುಚ್ಚಿಗೆಗಳನ್ನು ತೊಟ್ಟ, ಬಟ್ಟೆ ತುಂಬದ, ಭಾರಿ ಗಾತ್ರದ ಡ್ರಮ್ಮುಗಳು. ಸುತ್ತ ಕಲ್ಲುಮನೆಯ ಎತ್ತರ. ಇಲ್ಲಿ ಮರದ ಕೊಳವೆಯ ಜೊತೆಗೆ ಮನೆಯೂ ಡ್ರಮ್ಮಿನ ಒಡಲಾಗಿದೆ. ಈ ಮೆಟ್ಟಿಲ ಬುಡದಲ್ಲಿ ರೋಟೊಟಾಮ್ ಇಟ್ಟಿದ್ದರೆ ಮೇಲಿನ ಮೈಕ್ರೊಫೋನಿಗೆ ತಲುಪುತ್ತಿದ್ದುದು ಟಕಟಕವೆಂಬ ಪೆಟ್ಟೊಂದೇ. ಬಾನಮ್‌ರ ಮಾರ್ಗವನ್ನು ಮೆಚ್ಚಿದವರು ರೋಟೊಟಾಮನ್ನು ಹಳಿಯುವುದು ಆದುದರಿಂದ ಸಹಜ. ಅವರ ತಪ್ಪಿರುವುದು ದೂರದಿಂದ ಕೇಳಬೇಕಾದುದರ ಅಳತೆಯಿಂದ ಹತ್ತಿರದಿಂದ ಕೇಳಬೇಕಾದುದನ್ನು ಅಳೆದುದರಲ್ಲಿ.

ಹತ್ತಿರದಿಂದ ಕೇಳಬೇಕಾದುದು ಯಾವುದೆಂಬುದು ಒಂದೂವರೆ ವರ್ಷ ಕಳೆಯುವುದರೊಳಗೆ ತಿಳಿದುಬಂದಿತು. 1973ರ ಮಾರ್ಚಿಯಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಪ್ರಕಟವಾಯಿತು. ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊದಲ್ಲಿ, ಹದಿನಾರು ಹಾದಿಗಳ ಟೇಪಿನ ಮೇಲೆ, ಆಲನ್ ಪಾರ್ಸನ್ಸ್ ಧ್ವನಿಮುದ್ರಕರಾಗಿ ಸಿದ್ಧವಾದ ಕೃತಿಯದು. ಅದರಲ್ಲಿನ ‘ಟೈಮ್’ ಎಂಬ ಹಾಡಿನ ಪೀಠಿಕೆಯೇ ರೋಟೊಟಾಮಿಗೆ ರಾಕ್ ಸಂಗೀತದಲ್ಲಿ ದೊರೆತ ಅತ್ಯಂತ ದೊಡ್ಡ ಗೌರವ. ಹಾಡುವ ದನಿ ಕೇಳುವ ಮುನ್ನ ಎರಡು ನಿಮಿಷಕ್ಕೂ ಮೀರಿ ಈ ಪೀಠಿಕೆ ನಡೆಯುತ್ತದೆ. ಹಳೆಯ ಗಡಿಯಾರಗಳು ಒಟ್ಟಿಗೆ ಬಡಿದು ನಿಲ್ಲುತ್ತವೆ. ಟಿಕ್‌ಟಿಕ್ ಎಂಬ ನಡೆ ಉಳಿಯುತ್ತದೆ. ಅದು ಗಡಿಯಾರದ್ದಲ್ಲ, ರಾಜರ್ ವಾಟರ್ಸ್ ಬಾಸ್ ಗಿಟಾರಿನ ತಂತಿಗಳನ್ನು ಅದುಮಿ ಮೀಟಿದ್ದು. ಅದರ ಮೇಲೆ ಮಂದ್ರದ ಒಂದು ದೀರ್ಘಸ್ವರ ಬಿದ್ದು ಕರಗುತ್ತದೆ. ಕರಗಿದ ತೆರಪಿನಲ್ಲಿ ನಿಕ್ ಮೇಸನ್‌ರ ರೋಟೊಟಾಮ್ ಮಾತನಾಡುತ್ತದೆ.

ಈ ವಾದನದಲ್ಲಿ ಚಮತ್ಕಾರವೇನೂ ಇಲ್ಲ. ಮೇಸನ್ ವೇಗದ ವಾದಕರೂ ಅಲ್ಲ. ಕೆಲವೇ ಪೆಟ್ಟುಗಳು, ಮೇಲಿನಿಂದ ಕೆಳಕ್ಕೆ ಉರುಳುವ ಒಂದೆರಡು ಸಾಲುಗಳು, ನಡುವೆ ಬೇಕಾದಷ್ಟು ಮೌನ. ಆದರೆ ಆ ಪೆಟ್ಟುಗಳಿಗೆ ಶ್ರುತಿಯಿದೆ, ಮಾತಿನ ಏರಿಳಿತವಿದೆ. ಯಾರೋ ಏನನ್ನೋ ಹೇಳಲು ಬಂದು, ಅರ್ಧ ಹೇಳಿ, ನಿಂತು, ಮತ್ತೆ ಹೇಳಿದಂತೆ. ಇದೇ ಸಾಲುಗಳನ್ನು ಮರದ ಒಡಲಿನ ಟಾಮ್‌ಗಳಲ್ಲಿ ನುಡಿಸಿದ್ದರೆ ಪ್ರತಿ ಪೆಟ್ಟಿನ ತೂಕವೂ ಮಂದ್ರದ ಆ ದೀರ್ಘಸ್ವರದ ಜಾಗವನ್ನೇ ಆಕ್ರಮಿಸುತ್ತಿತ್ತು. ರೋಟೊಟಾಮಿಗೆ ಕೆಳಭಾಗವಿಲ್ಲದಿರುವುದೇ ಇಲ್ಲಿ ಅನುಕೂಲ: ಕೆಳಗಿನ ಜಾಗ ಖಾಲಿ ಬಿದ್ದಿದೆ, ಅದನ್ನು ಬೇರೆ ವಾದ್ಯಗಳು ತುಂಬುತ್ತವೆ. ಸುತ್ತಲಿನ ಪ್ರತಿಧ್ವನಿ ಮಾತ್ರ ವಾದ್ಯದ್ದಲ್ಲ, ಸ್ಟುಡಿಯೊದ್ದು. ಪೆಟ್ಟು ಹತ್ತಿರದಲ್ಲಿದೆ, ಅದರ ಬಾಲ ದೂರಕ್ಕೆ ಹೋಗುತ್ತದೆ. ಕಿವಿಯ ಪಕ್ಕದಲ್ಲಿ ಬಡಿದ ವಾದ್ಯವೊಂದು ದೊಡ್ಡ ಬಯಲಿನಲ್ಲಿ ಮೊಳಗುತ್ತಿರುವಂಥ ಈ ವಿಚಿತ್ರ ಅನುಭವ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲ. ಆನಂದವರ್ಧನನು ಕಾವ್ಯದ ಧ್ವನಿಯೊಂದು ಪ್ರಭೇದವನ್ನು ಗಂಟೆಯ ಅನುರಣನಕ್ಕೆ ಹೋಲಿಸಿದ. ಪೆಟ್ಟು ಮುಗಿದ ಮೇಲೆ ಕ್ರಮವಾಗಿ ಕೇಳಿಬರುವ ಆ ಎರಡನೆಯ ನಾದಕ್ಕೆ. ಗಂಟೆಯ ಅನುರಣನ ಗಂಟೆಯದೇ. ಇಲ್ಲಿ ಪೆಟ್ಟು ಒಬ್ಬರದು, ಅನುರಣನ ಇನ್ನೊಬ್ಬರದು. ಆದರೂ ಕೇಳುಗನಿಗೆ ಸೀಳು ಕಾಣುವುದಿಲ್ಲ. ಕಾಲವನ್ನು ಕುರಿತ ಹಾಡಿಗೆ ಇದಕ್ಕಿಂತ ತಕ್ಕ ಪೀಠಿಕೆ ದೊರೆಯುವುದು ಕಷ್ಟ.

ಇಲ್ಲಿಯೇ ಒಂದು ಮಿತಿಯೂ ಕಾಣುತ್ತದೆ. ಪೀಠಿಕೆಯ ಸ್ವರಮೇಳಗಳು ಬಹಳ ನಿಧಾನವಾಗಿ ಬದಲಾಗುತ್ತವೆ. ‘ಇ’ ಮತ್ತು ‘ಎಫ್ ಶಾರ್ಪ್ ಮೈನರ್’ ಎಂಬ ಎರಡರ ನಡುವಿನ ತೂಗುವಿಕೆಯೇ ಅದರ ಬಹುಭಾಗ. ಶ್ರುತಿ ನಿಂತ ಡ್ರಮ್ಮಿಗೆ ಇಂಥ ನಿಂತ ನೆಲ ಬೇಕು. ಹಾಡು ಆರಂಭವಾಗಿ ನಡೆ ಬಿರುಸಾದ ಕೂಡಲೆ ಮೇಸನ್ ಮಾಮೂಲಿನ ಡ್ರಮ್ಮುಗಳಿಗೆ ಮರಳುತ್ತಾರೆ. ಇದು ಸಂಗೀತದ ವಿವೇಕ. ಸ್ವರಮೇಳಗಳು ಬೇಗ ಬೇಗ ಬದಲಾಗುವ ಹಾಡಿನಲ್ಲಿ ಸ್ಪಷ್ಟಶ್ರುತಿಯ ಡ್ರಮ್ಮು ಅರ್ಧ ಹೊತ್ತು ಹೊಂದಿಕೊಂಡು, ಇನ್ನರ್ಧ ಹೊತ್ತು ಅಪಸ್ವರವಾಗಿರುತ್ತದೆ. ಒಂದೇ ಷಡ್ಜದ ಮೇಲೆ ನಿಂತ ಸಂಗೀತದಲ್ಲಿ ಮೃದಂಗಕ್ಕೆ ಈ ಕಷ್ಟವಿಲ್ಲ. ಪಾಶ್ಚಾತ್ಯ ಸಂಗೀತದ ನೆಲ ಚಲಿಸುವಂಥದು. ಅಲ್ಲಿ ಡ್ರಮ್ಮಿನ ಮಸುಕುಶ್ರುತಿ ಒಂದು ದೋಷವಲ್ಲ, ಎಲ್ಲ ಸ್ವರಮೇಳಗಳೊಡನೆಯೂ ಬಾಳಬಲ್ಲ ಸಂಸಾರದ ಗುಣ. ರೋಟೊಟಾಮಿನ ಅಭಿಮಾನಿಗಳು ಈ ಮಾತನ್ನು ಮರೆತು, ಶ್ರುತಿ ಸ್ಪಷ್ಟವಾದಷ್ಟೂ ಡ್ರಮ್ಮು ಉತ್ತಮವೆಂದು ವಾದಿಸಿದ್ದುಂಟು. ಅದು ಅತಿಯಾಯಿತು.

ಈ ಮಿತಿಯನ್ನು ಎದುರಿಸಿ ನಿಂತವರಲ್ಲಿ ಬಿಲ್ ಬ್ರುಫರ್ಡ್ ಮುಖ್ಯರು. 1970ರ ದಶಕದ ಕೊನೆಯಲ್ಲಿ ಅವರು ತಮ್ಮ ಡ್ರಮ್ಮುಗಳ ನಡುವೆ ರೋಟೊಟಾಮ್‌ಗಳಿಗೆ ಜಾಗ ಕೊಟ್ಟರು. ತಮ್ಮದೇ ಹೆಸರಿನ ತಂಡದಿಂದ 1979ರಲ್ಲಿ ಬಂದ ‘ವನ್ ಆಫ್ ಎ ಕೈಂಡ್’ ಧ್ವನಿಮುದ್ರಿಕೆಯಲ್ಲಿ ಆಲನ್ ಹೋಲ್ಡ್ಸ್‌ವರ್ತರ ಗಿಟಾರ್, ಡೇವ್ ಸ್ಟುವರ್ಟರ ಕೀಲಿವಾದ್ಯ, ಜೆಫ್ ಬರ್ಲಿನ್ನರ ಬಾಸ್ ಇವುಗಳ ನಡುವೆ ಡ್ರಮ್ಮು ನಾಲ್ಕನೆಯ ಮಾತುಗಾರನಾಗಿ ಬರುತ್ತದೆ. ಸ್ವರಮೇಳಗಳು ಇಲ್ಲಿ ನಿಂತಲ್ಲಿ ನಿಲ್ಲುವಂಥವಲ್ಲ. ಬ್ರುಫರ್ಡ್ ಕಂಡುಕೊಂಡ ದಾರಿಯೆಂದರೆ ಮೊಟಕು. ಅವರು ಎತ್ತರದ ಶ್ರುತಿಗೆ ಬಿಗಿದು, ಸ್ವರ ನಿಲ್ಲುವುದಕ್ಕೆ ಮುನ್ನವೇ ಮುಂದಿನ ಪೆಟ್ಟಿಗೆ ಹೋಗುತ್ತಾರೆ. ಶ್ರುತಿಯ ದಿಕ್ಕು, ಏರಿತೋ ಇಳಿಯಿತೋ ಎಂಬುದು, ಕೇಳುಗನಿಗೆ ತಿಳಿಯುತ್ತದೆ. ಯಾವ ಸ್ವರವೆಂಬ ಲೆಕ್ಕಕ್ಕೆ ಅವಕಾಶವಿರುವುದಿಲ್ಲ. ಮಾತಿನಲ್ಲಿಯೂ ಅಷ್ಟೆ. ಪ್ರಶ್ನೆ ಕೇಳುವಾಗ ದನಿ ಏರುವುದು ಗೊತ್ತು. ಎಷ್ಟು ಶ್ರುತಿ ಏರಿತೆಂದು ಯಾರೂ ಎಣಿಸುವುದಿಲ್ಲ. ಮೇಸನ್‌ರಲ್ಲಿ ರೋಟೊಟಾಮ್ ಒಂದು ದೃಶ್ಯದ ಅಲಂಕಾರವಾಗಿದ್ದರೆ, ಬ್ರುಫರ್ಡ್‌ರಲ್ಲಿ ಅದು ವಾಕ್ಯದ ಅಂಗವಾಯಿತು. ಶುದ್ಧ ವಾದ್ಯವಿಮರ್ಶೆಯ ದೃಷ್ಟಿಯಿಂದ ಇದೇ ಹೆಚ್ಚಿನ ಸಾಧನೆಯೆನ್ನಬೇಕು, ‘ಟೈಮ್’ನ ಕೀರ್ತಿ ಇದಕ್ಕೆ ಬಾರದಿದ್ದರೂ. 1980ರ ದಶಕದ ಕಿಂಗ್ ಕ್ರಿಮ್ಸನ್ ತಂಡದಲ್ಲಿ ಅವರು ಬೂಬಾಮ್ ಎಂಬ ವಾದ್ಯವನ್ನೂ ಬಳಿಯಿಟ್ಟುಕೊಂಡಿದ್ದರು. 1950ರ ದಶಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ ಬೂಬಾಮ್ ರೋಟೊಟಾಮಿಗೆ ಪೂರ್ತಿ ವಿರುದ್ಧ. ಅಂಗೈಯಗಲದ ಮುಚ್ಚಿಗೆ, ಅದರ ಕೆಳಗೆ ಸ್ವರಕ್ಕೆ ತಕ್ಕಷ್ಟು ಉದ್ದದ ಕೊಳವೆ. ಅದರಲ್ಲಿ ಶ್ರುತಿಯನ್ನು ಕಾಯುವುದು ಒಡಲು. ಬಿದಿರು ಎಂಬರ್ಥದ ‘ಬ್ಯಾಂಬೂ’ ಪದವನ್ನು ಹಿಂದುಮುಂದಾಗಿಸಿ ಅದಕ್ಕೆ ಹೆಸರಿಟ್ಟದ್ದು. ಒಡಲೇ ಎಲ್ಲವಾದ ವಾದ್ಯವನ್ನೂ ಒಡಲೇ ಇಲ್ಲದ ವಾದ್ಯವನ್ನೂ ಒಬ್ಬನೇ ವಾದಕ ಬಯಸಿದ್ದು, ಎರಡರಿಂದಲೂ ಸ್ವರವನ್ನೇ ಬಯಸಿದ್ದು ಗಮನಿಸತಕ್ಕದ್ದು.

1980ರ ಸುಮಾರಿಗೆ ಕಡ ತಂದ ಒಡಲಿನ ಕಥೆ ಇನ್ನೊಂದು ತಿರುವು ಪಡೆಯಿತು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಕ ಹ್ಯೂ ಪ್ಯಾಜಮ್ ಮತ್ತು ಫಿಲ್ ಕಾಲಿನ್ಸ್ ಸೇರಿ, ಕೋಣೆಯ ಪ್ರತಿಧ್ವನಿಯನ್ನು ಉಬ್ಬಿಸಿ ಅದು ಆರುವ ಮುನ್ನವೇ ಕತ್ತರಿಸಿಹಾಕುವ ಉಪಾಯವನ್ನು ಬಳಕೆಗೆ ತಂದರು. 1981ರ ‘ಇನ್ ದ ಏರ್ ಟುನೈಟ್’ ಹಾಡು ಮೂರು ನಿಮಿಷಕ್ಕೂ ಹೆಚ್ಚು ಸಾಗಿದ ಮೇಲೆ ಗಕ್ಕನೆ ಬಂದೆರಗುವ ಡ್ರಮ್ಮಿನ ಸಾಲು ಇದರ ಪ್ರಸಿದ್ಧ ಉದಾಹರಣೆ. ಅಲ್ಲಿನ ಟಾಮ್‌ಗಳಿಗೆ ಕೊಳವೆಯಿದೆ, ಕೆಳಮುಚ್ಚಿಗೆಯಿಲ್ಲ, ರೋಟೊಟಾಮಿನ ಅರೆನೆಂಟರು. ಕೋಣೆ ಒಂದು ಕ್ಷಣ ಡ್ರಮ್ಮಿನ ಒಡಲಾಗಿ ಬಂದು, ಮರುಕ್ಷಣ ಇಲ್ಲವಾಗುತ್ತದೆ. ಅದೇ 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಸಂಸ್ಥೆಯ ಆರು ಮೂಲೆಯ ವಿದ್ಯುತ್ ಡ್ರಮ್ಮುಗಳು ಬಂದವು. ಅವಕ್ಕೆ ಒಡಲೂ ಇಲ್ಲ, ಮುಚ್ಚಿಗೆಯೂ ಇಲ್ಲ. ಗಟ್ಟಿಯಾದ ಹಲಗೆ ಮಾತ್ರ. ಶ್ರುತಿಯನ್ನು ಗುಂಡಿ ತಿರುಗಿಸಿ ಏರಿಸಬಹುದು, ಇಳಿಸಬಹುದು, ಪೆಟ್ಟು ಬಿದ್ದೊಡನೆ ತಾನೇ ಜಾರುವಂತೆ ಮಾಡಬಹುದು. ರೋಟೊಟಾಮ್ ಆರಂಭಿಸಿದ ಕೆಲಸವನ್ನು ಇದು ಮುಗಿಸಿತೆಂದು ಆಗ ಅನೇಕರು ಭಾವಿಸಿದರು. ಆದರೆ ಹಲಗೆಯ ಮೇಲೆ ಅಂಚಿನ ಪೆಟ್ಟು, ನಡುವಿನ ಪೆಟ್ಟು, ಸವರಿದ ಪೆಟ್ಟು ಇವೆಲ್ಲವೂ ಹೆಚ್ಚುಕಡಮೆ ಒಂದೇ. ಹಾಳೆಯಲ್ಲಿ ಅವು ಬೇರೆ ಬೇರೆ. ಸಿಮನ್ಸಿನ ಜಾರುದನಿ ಇಂದು ಕೇಳಿದರೆ ತನ್ನ ದಶಕದ ಹೆಸರನ್ನು ಒಡನೆಯೇ ಹೇಳುತ್ತದೆ. ‘ಟೈಮ್’ನ ರೋಟೊಟಾಮ್ ಹಾಗೆ ಹೇಳುವುದಿಲ್ಲ.

ಅಮೆರಿಕದ ಟೆರಿ ಬೊಜಿಯೊ 1980ರ ದಶಕದ ಆರಂಭದಲ್ಲಿ ಮಿಸ್ಸಿಂಗ್ ಪರ್ಸನ್ಸ್ ತಂಡದಲ್ಲಿ ರೋಟೊಟಾಮ್‌ಗಳನ್ನೇ ಆಧಾರವಾಗಿಟ್ಟುಕೊಂಡು ನುಡಿಸಿ, ಮುಂದೆ ಒಂದೊಂದು ಸ್ವರಕ್ಕೆ ಒಂದೊಂದು ಡ್ರಮ್ಮೆಂಬಂತೆ ಹತ್ತಾರು ಚಿಕ್ಕ ಟಾಮ್‌ಗಳ ದೊಡ್ಡ ಸಮೂಹವನ್ನು ಸುತ್ತ ಜೋಡಿಸಿಕೊಂಡು ಏಕಾಂಗಿಯಾಗಿ ಕಚೇರಿ ಮಾಡುವ ಹಾದಿ ಹಿಡಿದರು. ಆ ಚಿಕ್ಕ ಟಾ‌ಮ್‌ಗಳಿಗೆ ಮರದ ಒಡಲು ಮರಳಿ ಬಂದಿತ್ತು, ಗಿಡ್ಡದಾಗಿಯಾದರೂ. ಬೇರೆ ವಾದ್ಯವಿಲ್ಲದ ಕಚೇರಿಯಲ್ಲಿ ಚಲಿಸುವ ನೆಲದ ತೊಂದರೆಯಿಲ್ಲ. ಡ್ರಮ್ಮಿನ ಸ್ವರಗಳೇ ನೆಲ. ಕಾಲ್‌ಗ್ರಾಸ್ ಮೊದಲು ಬಯಸಿದ್ದಕ್ಕೆ ಇದು ಸಮೀಪವಾದುದು, ರಾಕ್ ಹಾಡಿಗೆ ಮಾತ್ರ ದೂರವಾದುದು.

ಕೊನೆಯದಾಗಿ ಒಂದು ವಿಚಿತ್ರವನ್ನು ಹೇಳಬೇಕು. ಯಾವ ಗುಣದಿಂದ ಈ ವಾದ್ಯಕ್ಕೆ ಹೆಸರು ಬಂದಿತೋ ಆ ಗುಣವನ್ನು ರಾಕ್ ವಾದಕರು ಬಳಸಿದ್ದೇ ಕಡಮೆ. ಒಂದು ಕೈಯಿಂದ ಬಾರಿಸುತ್ತ ಇನ್ನೊಂದು ಕೈಯಿಂದ ಚೌಕಟ್ಟನ್ನು ತಿರುಗಿಸಿದರೆ ಒಂದು ಸ್ಥಾಯಿಯಷ್ಟು ಅಗಲದ ಜಾರು ಸಿಗುತ್ತದೆ. ಒಂದು ಸ್ಥಾಯಿ ಏರಲು ಬಿಗಿತ ನಾಲ್ಕು ಪಟ್ಟಾಗಬೇಕು; ತಿರುಪು ಅದನ್ನು ಅನಾಯಾಸವಾಗಿ ಮಾಡುತ್ತದೆ. ಪಾಶ್ಚಾತ್ಯ ರಚನಕಾರರು ಈ ಗಮಕವನ್ನು ತಮ್ಮ ತಾಳವಾದ್ಯ ಕೃತಿಗಳಲ್ಲಿ ಕೇಳಿ ಪಡೆದರು. ಖಂಜಿರದವನು ವಾದ್ಯ ಹಿಡಿದ ಎಡಗೈಯ ಬೆರಳುಗಳಿಂದಲೇ ಚರ್ಮವನ್ನೊತ್ತಿ ಅಂಥದೊಂದನ್ನು ಪ್ರತಿ ಕಚೇರಿಯಲ್ಲಿಯೂ ತರುತ್ತಾನೆ. ರಾಕ್ ವಾದಕನ ಎರಡು ಕೈಗಳಿಗೂ ಎರಡು ಕಾಲುಗಳಿಗೂ ಬೇರೆ ಕೆಲಸವಿದೆ. ಅವನ ರೋಟೊಟಾಮ್ ತಿರುಗುವುದು ಕಚೇರಿಗೆ ಮುಂಚೆ ಒಂದು ಸಲ. ಆಮೇಲೆ ಯಾರೂ ಮುಟ್ಟದಂತೆ ಅದನ್ನು ಬಿಗಿಮಾಡಿ ಬಿಡುತ್ತಾರೆ.